ಸಿಕ್ಕಿದ ಮೇಲೆ ಚಾ

"ದೂಡಿ... ಇನ್ನೊಮ್ಮೆ ದೂಡಿ!"

ನಾಲ್ಕು ಜನ ಕೈಕೊಟ್ಟರೂ ಕುಶಾಲಪ್ಪ ಗೌಡರ ಬಿಳಿ ಕಾರು ಅಂಗಳದಿಂದ ಅಲುಗಲಿಲ್ಲ. ಅಲುಗುವುದಾದರೂ ಹೇಗೆ? ಮುಂದಿನ ಚಕ್ರಕ್ಕೆ ಹಕೀಮಾಕ ನಿನ್ನೆ ಸಂಜೆ ಅಡ್ಡ ಇಟ್ಟ ಕಲ್ಲು ಹಾಗೆಯೇ ಇತ್ತು. ಅದನ್ನು ಮೊದಲು ಕಂಡವನು ನೆರೆಮನೆಯ ರಿಕ್ಷಾದ ಸುಂದರ.

"ಕಲ್ಲು ತೆಗೆಯದೆ ದೂಡುದಾ ಮಾರಾಯ್ರೆ? ಹಕೀಮಾಕ ಎದ್ದು ಬಂದು ಬೈತಾರೆ ಈಗ," ಎಂದುಬಿಟ್ಟ. ಆಡಿದ ಮಾತು ತನಗೇ ಚುಚ್ಚಿ, ಮುಖ ಆಚೆ ತಿರುಗಿಸಿ ನಿಂತ.

ಹಕೀಮಾಕ ಒಳಗಿನ ಕೋಣೆಯಲ್ಲಿ ಬಿಳಿ ಬಟ್ಟೆ ಹೊದ್ದು ಮಲಗಿದ್ದರು. ಎಪ್ಪತ್ತೊಂದು ವರ್ಷ. ಸುಳ್ಯದಲ್ಲಿ ಎಂಜಿನ್ ಬಿಚ್ಚುವವರು ಹತ್ತು ಜನ ಇರಬಹುದು, ಗೇರು ಹಿಡಿಯದಿದ್ದರೆ ಮಾತ್ರ ಎಲ್ಲರೂ ಬರುತ್ತಿದ್ದದ್ದು ಪಯಸ್ವಿನಿ ಹೊಳೆಯ ಬದಿಯ ಈ ಮನೆಗೇ. ಬೆಳಗ್ಗೆ ಆರೂವರೆಗೆ ಇದೇ ಕಾರಿನ ಸೀಟಿನಲ್ಲಿ ಅವರು ಒರಗಿ ಕುಳಿತದ್ದನ್ನು ಹೆಂಡತಿ ಕದೀಜಮ್ಮ ಕಂಡಿದ್ದರು. ಮುಟ್ಟಿದರೆ ಮೈ ತಣ್ಣಗಿತ್ತು. ಮಧ್ಯಾಹ್ನದ ನಮಾಜು ಕಳೆದ ಮೇಲೆ ದಫನ. ಮಸೀದಿಯಿಂದ ಮಯ್ಯತ್ತು ಹೊರುವ ಮಂಚ ಬರಬೇಕು, ಅದಕ್ಕೆ ದಾರಿ ಬೇಕು, ಕಾರು ಅಡ್ಡ ಇತ್ತು. ಅಷ್ಟೇ ವಿಷಯ.

ಸುಂದರ ಕಲ್ಲಿಗೆ ಕೈ ಹಾಕಿದ್ದೇ ಅಡಿಗೆಮನೆಯ ಬಾಗಿಲಿನಿಂದ ಸ್ವರ ಬಂತು.

"ಅದನ್ನು ಮುಟ್ಟಬೇಡಿ."

ಕದೀಜಮ್ಮ ತಲೆಯ ಮೇಲಿನ ಬಟ್ಟೆಯನ್ನು ಹಣೆಯವರೆಗೆ ಎಳೆದುಕೊಂಡು ಹೊಸ್ತಿಲ ಒಳಗೆ ನಿಂತಿದ್ದರು. ಅಳಿಯ ನಿಯಾಝ್ ಹತ್ತಿರ ಹೋದ.

"ಮಾಮಿ, ಜನ ಬರ್ಲಿಕ್ಕೆ ಶುರುವಾಯ್ತು. ಕಾರು ತೆಗೀಬೇಕಲ್ಲ?"

"ತೆಗೀರಿ, ಬೇಡ ಅಂತ ಹೇಳಿದ್ದು ಯಾರು? ಬಿಸಿಲು ಬೀಳುವ ಮೊದಲು ಯಾರಾದ್ರೂ ಒಮ್ಮೆ ನೋಡಿ ಹೇಳಿ. ಅವರಿಗೆ ಸಿಕ್ಕಿತಾ, ಸಿಕ್ಲಿಲ್ವಾ? ಅದು ಗೊತ್ತಾದ ಮೇಲೆ ಬೇಕಾದ್ರೆ ಹೊಳೆಗೆ ದೂಡಿ."

"ಎಂತ ಸಿಕ್ಕುದು ಮಾಮಿ?"

"ಒಂದು ಕಾಲು ಹೊರಗಿತ್ತು ನಿಯಾಝ್," ಎಂದರು ಕದೀಜಮ್ಮ. "ಕಾರಿನ ಬಾಗಿಲು ತೆಗೆದೇ ಇತ್ತು. ಹತ್ತುವಾಗ ಹೋದದ್ದಾ, ಇಳಿಯುವಾಗ ಹೋದದ್ದಾ? ನನಗೆ ಅದೊಂದು ಗೊತ್ತಾಗ್ಬೇಕು."

ಅಂಗಳದಲ್ಲಿ ನಿಂತವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಪಾಪ, ದುಃಖದಲ್ಲಿ ಏನೇನೋ ಹೇಳುತ್ತಿದ್ದಾರೆ ಎಂದು ಯಾರೋ ಪಿಸುಗುಟ್ಟಿದರು. ಒಳಗಿನಿಂದ ಓಡಿಬಂದ ಮಗಳು ಮುಫೀದಾ ಮಾತ್ರ ತಾಯಿಯ ಕೈ ಹಿಡಿದುಕೊಂಡು, "ಚಾದ ವಿಷಯ ಅಲ್ವಾ ಉಮ್ಮ?" ಎಂದು ಕೇಳಿದಳು. ಕದೀಜಮ್ಮ ಹೌದೆಂದು ತಲೆಯಾಡಿಸಿದರು.

*

ಈ ಜಾಗ ತೆಗೆದುಕೊಂಡಾಗ ಹಕೀಮಾಕನಿಗೆ ಬುದ್ಧಿ ಹೇಳದವರಿಲ್ಲ. ಹೊಳೆಯ ಬದಿ, ತಗ್ಗು, ಹತ್ತು ಗಂಟೆಯವರೆಗೆ ಬಿಸಿಲಿಲ್ಲ, ಡಿಸೆಂಬರಿನಲ್ಲಿ ಮಂಜು ಬಂದು ಅಂಗಳದಲ್ಲೇ ಕೂತುಬಿಡುತ್ತದೆ. "ನನಗೆ ಅದೇ ಬೇಕಾದ್ದು," ಎಂದಿದ್ದರು ಅವರು.

ಚಳಿಗೆ ಗೇರು ಹಿಡಿಯದ ಗಾಡಿಗಳ ವಿಷಯದಲ್ಲಿ ಅವರದ್ದೊಂದು ಕಟ್ಟುನಿಟ್ಟು ಇತ್ತು. ಹಗಲು ತಂದು ನಿಲ್ಲಿಸಿ, ಈಗಲೇ ನೋಡಿ ಎಂದರೆ ಅವರು ಬಾನೆಟ್ಟು ಕೂಡ ಎತ್ತುತ್ತಿರಲಿಲ್ಲ. "ಚಳಿಯ ಕಾಯಿಲೆ ಬಿಸಿಲಲ್ಲಿ ಮಾತಾಡುದಿಲ್ಲ. ಕಾರು ಇಲ್ಲಿ ಬಿಟ್ಟು ನೀವು ಬಸ್ಸಿನಲ್ಲಿ ಹೋಗಿ" ಎಂದು ಕಳಿಸುತ್ತಿದ್ದರು. ಗಾಡಿ ರಾತ್ರಿ ಅಂಗಳದಲ್ಲಿ ತಣ್ಣಗಾಗಬೇಕು. ಮುಂಜಾನೆಯ ನಮಾಜು ಮುಗಿಸಿ ಬಂದು, ಕಿವಿಗೆ ಮಫ್ಲರ್ ಸುತ್ತಿ, ಅವರು ಸೀಟಿನಲ್ಲಿ ಕೂರುತ್ತಿದ್ದರು. ಮೊದಲು ಎಂಜಿನ್ ಚಾಲೂ ಮಾಡದೆ, ಗೇರಿನ ಕೋಲಿನ ಮೇಲೆ ಅಂಗೈ ಇಟ್ಟು, ಮಗುವಿನ ಜ್ವರ ನೋಡುವ ಹಾಗೆ ಸುಮ್ಮನೆ ಸ್ವಲ್ಪ ಹೊತ್ತು ಇರುತ್ತಿದ್ದರು. ಆಮೇಲೆ ಒಂದೊಂದೇ ಗೇರು.

ದೋಷ ಸಿಕ್ಕಿತೆಂದರೆ ನೇರ ಅಡಿಗೆಮನೆಯ ಬಾಗಿಲಿಗೆ ಬಂದು, "ಸಿಕ್ಕಿತು" ಎನ್ನುತ್ತಿದ್ದರು. ಆಗಲೇ ಕದೀಜಮ್ಮ ಚಾ ಸೋಸಬೇಕು. ಸಿಗಲಿಲ್ಲವೋ, ಆ ದಿನ ಚಾ ಇಲ್ಲ. ಗಂಜಿ ಉಣ್ಣುತ್ತಿದ್ದರು, ಮೀನು ತಿನ್ನುತ್ತಿದ್ದರು, ಚಾ ಮಾತ್ರ ಮುಟ್ಟುತ್ತಿರಲಿಲ್ಲ. ಮದುವೆಯಾದ ಹೊಸತರಲ್ಲಿ ಕದೀಜಮ್ಮ ಇದೆಂತ ಹಠ ಎಂದು ಜಗಳ ಆಡಿದ್ದರು. ಕೊನೆಗೆ ಆ ಹಠವೇ ಅವರ ಬೆಳಗಾಯಿತು. ನಲ್ವತ್ನಾಲ್ಕು ವರ್ಷ ಒಲೆಯ ಮುಂದೆ ಕೂತು, ಕಿವಿಯನ್ನು ಅಂಗಳಕ್ಕೆ ಬಿಟ್ಟು, ಆ ಒಂದು ಮಾತಿಗೆ ಕಾದರು.

ಸಿಕ್ಕಿದ ಮೇಲೆ ಕೈ ತೊಳೆಯುವಷ್ಟು ತಾಳ್ಮೆ ಹಕೀಮಾಕನಿಗೆ ಇರುತ್ತಿರಲಿಲ್ಲ. ಎಣ್ಣೆಯ ಬೆರಳಿನಲ್ಲೇ ಗ್ಲಾಸು ಹಿಡಿದು, ಅಡಿಗೆಮನೆಯ ಹೊರಗಿನ ಕಟ್ಟೆಯಲ್ಲಿ ಕೂತು, ಯಾರ ತಪ್ಪು, ಏನು ತಪ್ಪು ಎಂದು ಬೈದು ಬೈದು ಹೇಳಿ, ಗ್ಲಾಸು ಅಲ್ಲೇ ಇಟ್ಟು ಹೋಗುತ್ತಿದ್ದರು. "ನಿಮ್ಮ ಬೆರಳಿನ ಕಲೆ ತೆಗೆದೇ ನನ್ನ ಕೈ ಸವೀತು," ಎಂದು ಗೊಣಗುತ್ತಾ ಕದೀಜಮ್ಮ ಬೂದಿ ಹಾಕಿ ಉಜ್ಜುತ್ತಿದ್ದರು.

*

ಅಜ್ಜಾವರದಿಂದ ಕುಶಾಲಪ್ಪ ಗೌಡರೂ ಅವರ ಹೆಂಡತಿ ಪ್ರೇಮಾವತಿಯೂ ಬಂದಾಗ ನಿಯಾಝ್ ಕಾರಿನಲ್ಲಿ ಕೂತಿದ್ದ. ಅತ್ತೆಯ ಹಠಕ್ಕೆ ಸೋತು ಕೂತದ್ದು. ಅವನು ಪುತ್ತೂರಿನ ದೊಡ್ಡ ವರ್ಕ್‌ಶಾಪಿನಲ್ಲಿ ಸೂಪರ್‌ವೈಸರ್, ಕಂಪ್ಯೂಟರ್ ಜೋಡಿಸಿ ದೋಷ ನೋಡುವ ಕಾಲದವನು. ಈ ಹಳೆಯ ಕಾರಿನಲ್ಲಿ ಜೋಡಿಸಲಿಕ್ಕೆ ಏನೂ ಇರಲಿಲ್ಲ.

ಕೀ ತಿರುಗಿಸಿದ. ಎಂಜಿನ್ ಚಾಲೂ ಆಯಿತು. ಕ್ಲಚ್ಚು ಒತ್ತಿ ಒಂದನೇ ಗೇರಿಗೆ ದೂಡಿದರೆ, ಕೋಲು ಹಠಮಾರಿ ಕರುವಿನ ಹಾಗೆ ಅರ್ಧದಲ್ಲೇ ನಿಂತಿತು.

"ಕ್ಲಚ್ಚಿನದ್ದೇ ಪ್ರಾಬ್ಲಮ್ ಮಾಮಿ," ಎಂದು ಕೂಗಿ ಹೇಳಿದ.

"ಎಂಜಿನ್ ಬಂದ್ ಮಾಡಿ ನೋಡು," ಎಂದರು ಹೊಸ್ತಿಲ ಒಳಗಿನಿಂದ ಕದೀಜಮ್ಮ. "ಎಂಜಿನ್ ಬಂದ್ ಇರುವಾಗ ಸಲೀಸಾಗಿ ಹೋದ್ರೆ ಕ್ಲಚ್ಚು. ಬಂದ್ ಇರುವಾಗಲೂ ಬಿಗಿ ಇದ್ರೆ ಕ್ಲಚ್ಚಲ್ಲ."

ನಿಯಾಝ್ ಬಂದ್ ಮಾಡಿ ನೋಡಿದ. ಆಗಲೂ ಅಷ್ಟೇ ಬಿಗಿ. ಅವನ ಕಿವಿ ಕೆಂಪಾಯಿತು.

"ಅದು ಅವರಿಗೆ ಮೊದಲನೇ ದಿನವೇ ಗೊತ್ತಾಗಿದೆ," ಎಂದರು ಕದೀಜಮ್ಮ. "ಗೌಡ್ರು ಕ್ಲಚ್ ಪ್ಲೇಟು ಹೊಸತು ಹಾಕಿಸಿದ್ದಾರಂತೆ ಬೇರೆ ಕಡೆ. ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಅಂತ ಎಷ್ಟು ಬೈದ್ರು ಗೊತ್ತುಂಟಾ. ಎರಡನೇ ದಿನ, ಅಂದ್ರೆ ನಿನ್ನೆ, ಕೇಬಲ್ ಕಳಚಿ ನೋಡಿದ್ರು. ಕೋಲು, ಕೇಬಲ್ ಎಲ್ಲ ಸಲೀಸು. ಬಿಗಿ ಇರುದು ಗೇರ್‌ಬಾಕ್ಸಿನ ಒಳಗೆ. ನಾಳೆ ಬಾಕ್ಸ್ ಇಳಿಸಬೇಕು ಕಾಣ್ತದೆ ಅಂತ ಹೇಳಿ ಮಲಗಿದ್ರು. ಇವತ್ತು ಎಂತ ನೋಡಿದ್ರು, ಅದು ಗೊತ್ತಿಲ್ಲ."

ಸುಂದರ ಕುಶಾಲಪ್ಪರ ಹತ್ತಿರ ಬಂದು ದನಿ ತಗ್ಗಿಸಿದ. "ನಿಮ್ಮ ಕಾರಿನಲ್ಲೇ ಆದದ್ದು ಗೌಡ್ರೆ. ನೀವು ಬೇಜಾರು ಮಾಡ್ಬೇಡಿ. ಸಾಯುದು ಎಲ್ಲಿ ಅಂತ ಬರೆದಿರ್ತದೆ."

ಎಂಟು ಎಕರೆ ತೋಟ ಆಳಿದ ಮನುಷ್ಯ, ಪಂಚಾಯತಿಯಲ್ಲಿ ಮೇಜು ಗುದ್ದಿ ಮಾತಾಡುವವರು, ಕುಶಾಲಪ್ಪ ಈಗ ಲುಂಗಿಯ ತುದಿಯನ್ನು ಬೆರಳಿಗೆ ಸುತ್ತುತ್ತಾ ನಿಂತಿದ್ದರು. ಪ್ರೇಮಾವತಿ ಗಂಡನ ಬೆನ್ನ ಹಿಂದೆ ಬಂದು ಮೆಲ್ಲನೆ ಹೇಳಿದರು.

"ಹೇಳಿ."

"ಈಗಲಾ? ಇಷ್ಟು ಜನರ ಎದುರಲ್ಲಾ?"

"ಮತ್ತೆ ಯಾವಾಗ? ಆ ಹೆಂಗಸು ಕೇಳುದು ಒಂದೇ ಮಾತು. ಅದರ ಅರ್ಧ ಉತ್ತರ ನಿಮ್ಮ ಹೊಟ್ಟೆಯಲ್ಲಿ ಉಂಟು."

ಕುಶಾಲಪ್ಪ ತಲೆ ತಗ್ಗಿಸಿದರು. ಅಷ್ಟರಲ್ಲಿ ಒಳಗಿನಿಂದ ನಿಯಾಝನನ್ನು ಕರೆದರು, ಮಯ್ಯತ್ತಿಗೆ ಸ್ನಾನ ಮಾಡಿಸುವ ಹೊತ್ತಾಗಿತ್ತು. ಅವನು ಕಾರಿನಿಂದ ಇಳಿದು ಒಳಗೆ ಹೋದ. ಹೊಳೆಯ ಆಚೆಯ ಗುಡ್ಡದ ಮೇಲೆ ಬಿಸಿಲು ಬಂದಿತ್ತು, ಅಂಗಳಕ್ಕೆ ಇನ್ನೂ ಇಳಿದಿರಲಿಲ್ಲ.

*

ಕಾರು ಬಿಡಲು ಬಂದ ದಿನ ಕುಶಾಲಪ್ಪ ಬಹಳ ಖುಷಿಯಲ್ಲಿದ್ದರು. ಹಕೀಮಾಕನದ್ದೂ ಅವರದ್ದೂ ಮೂವತ್ತು ವರ್ಷದ ಗೆಳೆತನ. ಹಳೆಯ ಜೀಪು ಇದ್ದ ಕಾಲದಿಂದಲೂ ಅವರ ಎಲ್ಲ ಗಾಡಿಗಳ ಗೇರು ಹಕೀಮಾಕನ ಕೈಯಲ್ಲೇ ಪಳಗಿದ್ದು. ಒಂದು ಬೈಗುಳ ತಿನ್ನದೆ ಕುಶಾಲಪ್ಪ ಅಲ್ಲಿಂದ ಹೋದದ್ದೇ ಇಲ್ಲ. ಆ ಬೈಗುಳಕ್ಕಾಗಿಯೇ ಹೋಗುತ್ತಾರೆ ಎಂದು ಪ್ರೇಮಾವತಿ ತಮಾಷೆ ಮಾಡುವುದಿತ್ತು.

"ಗೇರ್ ಆಯಿಲ್ ಯಾವಾಗ ಬದಲಿಸಿದ್ದು ಗೌಡ್ರೆ?" ಎಂದು ಹಕೀಮಾಕ ಕೇಳಿದ್ದರು.

ಅಲ್ಲೇ ಹೇಳಿಬಿಡಬಹುದಿತ್ತು. ಮಳೆಗಾಲ ಮುಗಿದ ಮೇಲೆ ಗೇರ್‌ಬಾಕ್ಸಿನಿಂದ ಗುಂಯ್ ಎಂಬ ಸದ್ದು ಬರುತ್ತಿತ್ತು. ತೋಟದ ಟಿಲ್ಲರಿಗೆಂದು ತಂದ ಎಣ್ಣೆ ಅರ್ಧ ಡಬ್ಬಿ ಉಳಿದಿತ್ತು. ದಪ್ಪ ಎಣ್ಣೆ ಹಾಕಿದರೆ ಸದ್ದು ನಿಲ್ಲುತ್ತದೆಂದು ಕುಶಾಲಪ್ಪ ತಾವೇ ಕಾರಿನ ಅಡಿಗೆ ನುಗ್ಗಿ, ಹಳೆಯದನ್ನು ಇಳಿಸಿ, ಅದನ್ನು ಸುರಿದಿದ್ದರು. ಸದ್ದು ನಿಂತಿತ್ತು ಕೂಡ. "ಟಿಲ್ಲರಿನ ಎಣ್ಣೆ ಕಾರಿಗೆ ಆಗ್ತದಾ?" ಎಂದು ಪ್ರೇಮಾವತಿ ಕೇಳಿದಾಗ, "ಗೇರು ಗೇರೇ, ಎಣ್ಣೆ ಎಣ್ಣೆಯೇ. ನೀನು ಒಲೆ ಮೇಲಿನ ಪದಾರ್ಥ ನೋಡು" ಎಂದು ಗದರಿದ್ದರು. ಚಳಿ ಬಂತು. ಬೆಳಗ್ಗೆ ಗೇರು ಕಲ್ಲಾಯಿತು.

ಹೇಳಿದರೆ ಹಕೀಮಾಕ ಅಂಗಳದಲ್ಲೇ ಕುಣಿದು ಬೈಯುತ್ತಾರೆ, ಬದಿಯಲ್ಲಿ ಪ್ರೇಮಾವತಿ ಬೇರೆ ನಿಂತಿದ್ದಾಳೆ. ಹೆಂಡತಿ ಗೆದ್ದದ್ದನ್ನು ನೋಡುವ ಧೈರ್ಯ ಅವರಿಗೆ ಬರಲಿಲ್ಲ.

"ಎಣ್ಣೆಯಾ? ಕಂಪನಿಯದ್ದೇ ಉಂಟು. ನಾನು ಮುಟ್ಟಲೇ ಇಲ್ಲ," ಎಂದರು.

"ಹಾಗಾದ್ರೆ ಎಣ್ಣೆ ನೋಡ್ಲಿಕ್ಕಿಲ್ಲ. ಗೌಡ್ರು ಮುಟ್ಟಲಿಲ್ಲ ಅಂದ್ರೆ ಮುಟ್ಟಲಿಲ್ಲ," ಎಂದು ಹಕೀಮಾಕ ಕೀ ತೆಗೆದುಕೊಂಡಿದ್ದರು.

ಹೇಗೂ ನಾಳೆ ಹಿಡಿಯುತ್ತಾರೆ, ಆಗ ಬೈಗುಳ ತಿಂದರಾಯಿತು ಎಂದುಕೊಂಡು ಕುಶಾಲಪ್ಪ ಬಸ್ಸು ಹತ್ತಿದ್ದರು. ಪ್ರೇಮಾವತಿ ಬೇರೆ ಸೀಟಿಗೆ ಹೋಗಿ ಕೂತರು.

*

ಸ್ನಾನ ಮುಗಿಸಿ ಹೊರಗೆ ಬಂದ ನಿಯಾಝನ ಮುಖ ಬೇರೆಯಾಗಿತ್ತು. ಒದ್ದೆ ಕೈಯನ್ನು ಮೂಗಿನ ಹತ್ತಿರ ತಂದು, ಮತ್ತೆ ಕೆಳಗಿಳಿಸಿ, ಸೀದಾ ಅಡಿಗೆಮನೆಯ ಬಾಗಿಲಿಗೆ ನಡೆದ.

"ಮಾಮಿ, ಮಾಮ ಮುಂಜಾನೆ ನಮಾಜಿಗೆ ಮೊದಲು ಕೈ ತೊಳೆದಿದ್ರಾ?"

"ಎಂತ ಕೇಳುದು ನೀನು? ಸೀಮೆಎಣ್ಣೆ ಹಾಕಿ, ಸೋಪು ಹಾಕಿ, ಉಗುರಿನ ಸಂದಿಯವರೆಗೆ ತಿಕ್ಕದೆ ಅವರು ವುಝೂ ಮಾಡಿದ್ದು ಒಂದು ದಿನ ಇಲ್ಲ. ಎಣ್ಣೆ ಇದ್ರೆ ಚರ್ಮಕ್ಕೆ ನೀರು ತಾಗುದಿಲ್ಲ, ನಮಾಜು ಆಗುದಿಲ್ಲ ಅಂತ. ಇವತ್ತು ನಾನೇ ಬಿಸಿನೀರು ಕೊಟ್ಟದ್ದು."

"ಹಾಗಾದ್ರೆ ನಮಾಜಿನ ನಂತರದ್ದೇ ಅದು," ಎಂದ ನಿಯಾಝ್. "ಬಲಗೈಯ ತೋರುಬೆರಳು. ಬುಡದವರೆಗೆ ಎಣ್ಣೆ. ಎಂಜಿನಿನದ್ದಲ್ಲ, ಗೇರ್ ಆಯಿಲ್. ವಾಸನೆ ಗೊತ್ತಾಗ್ತದೆ. ನೀರು ಹಾಕಿದ್ರೆ ಹೋಗ್ಲೇ ಇಲ್ಲ, ಜೋನಿಬೆಲ್ಲದ ಹಾಗೆ ಹಿಡ್ಕೊಂಡಿತ್ತು."

ಕದೀಜಮ್ಮ ಬಾಗಿಲಿನ ದಾರಂದವನ್ನು ಹಿಡಿದುಕೊಂಡರು.

"ಕಾರಿನ ಅಡಿಗೆ ಹೋಗಿ ಗೇರ್‌ಬಾಕ್ಸಿನ ನಟ್ಟು ಬಿಚ್ಚಿ ಬೆರಳು ಹಾಕಿ ನೋಡಿದ್ದಾರೆ ಮಾಮಿ. ಬಾಕ್ಸ್ ಇಳಿಸುವ ಮೊದಲು ಎಣ್ಣೆ ನೋಡುವ ಅಂತ ಕಂಡಿರ್ಬೇಕು. ನೋಡಿ, ನಟ್ಟು ಮತ್ತೆ ಹಾಕಿ, ಗೇರು ಇನ್ನೊಮ್ಮೆ ನೋಡ್ಲಿಕ್ಕೆ ಪುನಃ ಸೀಟಿಗೆ ಬಂದಿದ್ದಾರೆ."

"ಅದರಲ್ಲೇ ಸಿಕ್ಕಿತಾ?"

ನಿಯಾಝ್ ತಡವರಿಸಿದ. ಸುಳ್ಳು ಹೇಳಲು ಅವನಿಗೆ ಮನಸ್ಸಾಗಲಿಲ್ಲ. "ಅದು ಹೇಗೆ ಹೇಳುದು? ದಪ್ಪ ಉಂಟು, ಹೌದು. ಎಣ್ಣೆ ಬೇರೆಯದ್ದಾದ್ರೆ ಅದೇ ದೋಷ. ಕಂಪನಿಯದ್ದೇ ಹಳತಾಗಿ ದಪ್ಪ ಆದದ್ದಾದ್ರೆ ಒಳಗೆ ಬೇರೆ ಏನಾದ್ರೂ ಹೋಗಿರ್ಬೇಕು. ಗೌಡ್ರು ಮುಟ್ಟಲಿಲ್ಲ ಅಂತ ಹೇಳಿದ್ದಾರಂತಲ್ಲ."

ಕುಶಾಲಪ್ಪ ಅಂಗಳದ ಮಧ್ಯದಿಂದ ನಡೆದು ಬಂದರು. ಹತ್ತು ಹೆಜ್ಜೆ ಇರಬೇಕು. ಅಷ್ಟಕ್ಕೇ ಅವರಿಗೆ ಏದುಸಿರು ಬಂದಿತ್ತು.

"ಮುಟ್ಟಿದ್ದೇನೆ," ಎಂದರು.

ಕುರ್‌ಆನಿನ ಯಾಸೀನ್ ಓದುವ ಸ್ವರ ಒಳಗಿನಿಂದ ಕೇಳುತ್ತಿತ್ತು.

"ಟಿಲ್ಲರಿನ ಎಣ್ಣೆ ಹಾಕಿದ್ದು ನಾನು. ನನ್ನ ಕೈಯಾರೆ. ಹಕೀಮಾಕ ಕೇಳಿದ್ರು, ಸುಳ್ಳು ಹೇಳಿದೆ. ಇವಳ ಎದುರು ಮರ್ಯಾದೆ ಹೋಗ್ತದೆ ಅಂತ. ಕದೀಜಮ್ಮ, ಆ ಬಾಕ್ಸಿನಲ್ಲಿ ಬೇರೆ ಯಾವ ದೋಷವೂ ಇಲ್ಲ. ಎಣ್ಣೆ ಒಂದೇ. ಬೆರಳು ಹಾಕಿದ್ದಾರೆ ಅಂದ್ರೆ..." ಬಾಗಿಲಿಗೆ ಕೈ ಕೊಟ್ಟು ನಿಂತು ಮುಗಿಸಿದರು. "ಸಿಕ್ಕಿತು. ಅವರಿಗೆ ಸಿಕ್ಕಿದೆ."

ಕದೀಜಮ್ಮ ತಲೆಯೆತ್ತಿ ಅವರನ್ನು ನೋಡಿದರು. ಅವರ ಕಣ್ಣಿನಲ್ಲಿ ಮೊದಲು ಬಂದದ್ದು ಸಿಟ್ಟು.

"ಎರಡು ದಿನ ಚಾ ಕುಡೀಲಿಲ್ಲ ಗೌಡ್ರೆ ಅವರು. ನಿಮ್ಮ ಒಂದು ಮಾತು ನಂಬಿ."

"ಗೊತ್ತುಂಟು. ಬೈಯಿರಿ ನನಗೆ. ಅವರು ಬೈಯಬೇಕಿತ್ತು. ಅವರ ಬಾಯಿಂದ ಒಂದು ಸಲ ಬೈಸಿಕೊಳ್ಳಬೇಕಿತ್ತು ನನಗೆ."

"ನಾನು ಬೈಯುದಿಲ್ಲ." ಕದೀಜಮ್ಮ ತಲೆಯ ಬಟ್ಟೆ ಸರಿಮಾಡಿಕೊಂಡರು. "ಬೈಯುದು ಚಾ ಕುಡಿದ ಮೇಲೆ. ಅದಕ್ಕೆ ಮೊದಲು ಅವರು ಯಾರಿಗೂ ಬೈದದ್ದಿಲ್ಲ." ಆಮೇಲೆ ಮಗಳ ಕಡೆ ತಿರುಗಿದರು. "ಕೇಳಿತಾ ಮುಫೀದಾ? ಇಳಿಯುವಾಗಲೇ ಹೋದದ್ದು. ಚಾಕ್ಕೆ ಬರ್ತಾ ಇದ್ರು ನಿನ್ನ ಉಪ್ಪ."

ಮುಫೀದಾ ತಾಯಿಯ ಭುಜಕ್ಕೆ ಮುಖ ಒತ್ತಿದಳು. ಬೆಳಗ್ಗಿನಿಂದ ಹನಿ ಕಣ್ಣೀರು ಹಾಕದೆ ನಿಂತಿದ್ದ ಕದೀಜಮ್ಮ ಆಗ ಅತ್ತರು. ಅಂಗಳದಲ್ಲಿ ಪ್ರೇಮಾವತಿಯೂ ಸೆರಗು ಬಾಯಿಗೆ ಒತ್ತಿಕೊಂಡರು.

"ನಿಯಾಝ್," ಎಂದರು ಕದೀಜಮ್ಮ, ಅಳು ನಿಂತ ಮೇಲೆ. "ಬೆರಳಿನದ್ದು ಪೂರಾ ಹೋಯ್ತಾ?"

"ಹೋಯ್ತು ಮಾಮಿ. ಮೂರು ಸಲ ಸೋಪು ಹಾಕಿದೆ. ಚೂರೂ ಬಿಡ್ಲಿಲ್ಲ."

"ಒಳ್ಳೇದಾಯ್ತು," ಎಂದರು. ಎಂದವರು ನಿಯಾಝನ ಒದ್ದೆ ಕೈ ಹಿಡಿದು ಒಮ್ಮೆ ಮೂಸಿ ನೋಡಿದರು. ಸೋಪಿನ ವಾಸನೆ ಮಾತ್ರ ಇತ್ತು.

*

ಹತ್ತೂವರೆಗೆ ಬಿಸಿಲು ಅಂಗಳಕ್ಕೆ ಇಳಿದು ಕಾರಿನ ಮೇಲೆ ಬಿತ್ತು. ಮಧ್ಯಾಹ್ನದ ಹೊತ್ತಿಗೆ ಕುಶಾಲಪ್ಪ ತಾವೇ ಸೀಟಿನಲ್ಲಿ ಕೂತು ಗೇರು ಹಾಕಿದರು. ಬಿಸಿಲಿಗೆ ಎಣ್ಣೆ ತೆಳುವಾಗಿ, ಯಾವ ತಕರಾರೂ ಇಲ್ಲದೆ ಬಿತ್ತು. ಬೆಳಗ್ಗೆ ಕಲ್ಲಾಗಿದ್ದದ್ದು ಇದೇ ಗೇರು ಎಂದರೆ ಯಾರೂ ನಂಬುವ ಹಾಗಿರಲಿಲ್ಲ. ಕಾರನ್ನು ರಸ್ತೆಯ ಬದಿಗೆ ಒಯ್ದು ನಿಲ್ಲಿಸಿ, ಚಕ್ರಕ್ಕೆ ಅದೇ ಕಲ್ಲು ಇಟ್ಟು ಬಂದರು.

ಸಾವಿನ ಮನೆಯಲ್ಲಿ ಆ ದಿನ ಒಲೆ ಹೊತ್ತಿಸುವುದಿಲ್ಲ. ಗಂಜಿ ನೆರೆಮನೆಯಿಂದ ಬಂದಿತ್ತು. ಆದರೂ ಮಂಚ ಅಂಗಳಕ್ಕೆ ಬರುವ ಹೊತ್ತಿಗೆ ಕದೀಜಮ್ಮ ಒಲೆಯ ಮುಂದೆ ಕೂತಿದ್ದರು. ಸಂಬಂಧದ ಹೆಂಗಸೊಬ್ಬರು, "ಇವತ್ತು ಒಲೆ ಹೊತ್ತಿಸುದಾ ಕದೀಜಾ?" ಎಂದು ತಡೆಯಲು ಬಂದರು. "ಬಿಡಿ, ಒಂದೇ ಗ್ಲಾಸು," ಎಂದಳು ಮುಫೀದಾ.

ಸಕ್ಕರೆ ಎರಡು ಚಮಚ, ಏಲಕ್ಕಿ ಇಲ್ಲ. ಕದೀಜಮ್ಮ ಚಾ ಸೋಸಿ, ಹೊರಗಿನ ಕಟ್ಟೆಯಲ್ಲಿ, ಹಕೀಮಾಕ ಕೂರುತ್ತಿದ್ದ ಜಾಗದಲ್ಲಿ ಗ್ಲಾಸು ಇಟ್ಟರು. ಅದೇ ಹೊತ್ತಿಗೆ ಗಂಡಸರು ಮಂಚ ಎತ್ತಿದರು. ಮುಂದಿನ ಹೆಗಲು ನಿಯಾಝನದ್ದು. ಗೇಟು ದಾಟುವಾಗ ಸುಂದರ ಬದಿಗೆ ಸರಿದು ಕುಶಾಲಪ್ಪರಿಗೆ ಜಾಗ ಮಾಡಿಕೊಟ್ಟ. ಅವರು ಹೆಗಲು ಕೊಟ್ಟರು. ದೇವರ ಹೆಸರು ಹೇಳುವ ದಿಕ್ರಿನ ಸ್ವರ ತಿರುವಿನವರೆಗೆ ಕೇಳಿತು, ಆಮೇಲೆ ಹೊಳೆಯ ಸದ್ದು ಮಾತ್ರ ಉಳಿಯಿತು.

ಕಟ್ಟೆಯಲ್ಲಿದ್ದ ಚಾ ಆರಿ ಕೆನೆ ಕಟ್ಟಿತು. ಯಾರೂ ಅದನ್ನು ತೆಗೆಯಲಿಲ್ಲ. ಹೆಂಗಸರು ಒಬ್ಬೊಬ್ಬರಾಗಿ ಒಳಗೆ ಹೋದ ಮೇಲೆ ಕದೀಜಮ್ಮ ಅದನ್ನು ಎತ್ತಿಕೊಂಡು ತೆಂಗಿನ ಬುಡಕ್ಕೆ ಚೆಲ್ಲಿದರು. ತೊಳೆಯುವ ಕಲ್ಲಿನ ಹತ್ತಿರ ಕುಕ್ಕರಗಾಲಲ್ಲಿ ಕೂತು, ಚಿಟಿಕೆ ಬೂದಿ ತೆಗೆದುಕೊಂಡು, ಗ್ಲಾಸನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿದರು. ಎಲ್ಲೂ ಕಲೆ ಇರಲಿಲ್ಲ.

ಆದರೂ ಬೂದಿ ಹಾಕಿ, ಬೆರಳು ಹಿಡಿಯುವ ಜಾಗವನ್ನೇ ಉಜ್ಜುತ್ತಾ ಕೂತರು.